ಅಡಿಕೆ ದುಡ್ಡು ಮತ್ತು ಹತ್ತು ದಿನದ ಲೆಕ್ಕ

ಸಾಗರ, ಹೊಸನಗರ, ತೀರ್ಥಹಳ್ಳಿಯ ತೋಟದ ಮನೆಗಳಿಗೆ ದುಡ್ಡು ತಿಂಗಳ ಸಂಬಳದಂತೆ ಬರುವುದಿಲ್ಲ. ಕೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಮಂಡಿ ಸೇರಿದ ಮೇಲೆ ವರ್ಷದ ಆದಾಯದ ದೊಡ್ಡ ಪಾಲು ಒಟ್ಟಿಗೇ ಖಾತೆಗೆ ಬೀಳುತ್ತದೆ. ಮುಂದಿನ ಕೊಯ್ಲಿನ ಮೇಲಿನ ಭರವಸೆಯೋ ಕುಗ್ಗುತ್ತಿದೆ: ಕೊಳೆರೋಗ ಹಳೆಯದು, ಎಲೆಚುಕ್ಕಿ ಈಚಿನದು. ಕೈಯಲ್ಲಿ ಹಣ, ಮನಸ್ಸಿನಲ್ಲಿ ಅಂಜಿಕೆ ಇರುವ ಇಂಥ ಊರಿಗೆ ‘ಕ್ರಿಪ್ಟೊ ಹೂಡಿಕೆ’ ಬಂದರೆ ಏನಾಗಬಹುದು ಎಂಬುದಕ್ಕೆ ಇನ್ನೊಂದು ಗುಡ್ಡಗಾಡಿನ ದಾಖಲೆಯಿದೆ.

ಹಿಮಾಚಲ ಪ್ರದೇಶದ ಹಮೀರ್‌ಪುರ, ಮಂಡಿ, ಕಾಂಗ್ಡಾ ಜಿಲ್ಲೆಗಳಲ್ಲಿ 2018ರ ಸುಮಾರಿಗೆ ‘ಕೊರ್ವಿಯೊ ಕಾಯಿನ್’ ಹೆಸರಿನಲ್ಲಿ ಹಣ ಎತ್ತುವ ಜಾಲ ಶುರುವಾಯಿತು. ನಾಣ್ಯದ ಬೆಲೆಯನ್ನು ಏರಿಸಿ ಇಳಿಸುತ್ತಿದ್ದವರು ಅದನ್ನು ಮಾರಿದವರೇ. 2023ರಲ್ಲಿ ವಿಶೇಷ ತನಿಖಾ ತಂಡ ಲೆಕ್ಕಕ್ಕೆ ಕೂತಾಗ ಸಿಕ್ಕ ಅಂದಾಜು: ಲಕ್ಷಕ್ಕೂ ಹೆಚ್ಚು ಜನ, ಸುಮಾರು 2,500 ಕೋಟಿ ರೂಪಾಯಿ. ಹೂಡಿದವರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಪೊಲೀಸ್ ಸಿಬ್ಬಂದಿ. ಮೊದಮೊದಲು ಲಾಭ ಕಂಡ ಕೆಲವರು ತಾವೇ ಪ್ರಚಾರಕರಾದರು. ನನಗೆ ಮುಖ್ಯವೆನಿಸುವುದು ಇದೇ. ಬಲೆ ಹರಡಿದ್ದು ತಂತ್ರಜ್ಞಾನದ ಬಲದಿಂದಲ್ಲ, ಪರಿಚಯದ ಬಲದಿಂದ. ನಮ್ಮಲ್ಲೂ ಮೊದಲು ಹೇಳುವವನು ಅಪರಿಚಿತನಾಗಿರುವುದಿಲ್ಲ. ಭಾವನೋ, ಸೊಸೈಟಿಯ ಸದಸ್ಯನೋ ಆಗಿರುತ್ತಾನೆ. ಸುಳ್ಳು ಹೇಳುತ್ತಿರುವುದಿಲ್ಲ, ಅವನಿಗೆ ನಿಜವಾಗಿಯೂ ಒಂದು ಕಂತು ಬಂದಿರುತ್ತದೆ.

ಆ ಕಂತು ಎಲ್ಲಿಂದ ಬರುತ್ತದೆ? ಜಾರಿ ನಿರ್ದೇಶನಾಲಯ ತನಿಖೆ ಮಾಡಿದ ‘ಎಚ್‌ಪಿಜೆಡ್ ಟೋಕನ್’ ಆ್ಯಪ್‌ನ ಆಮಿಷ ನೋಡಿ: 57,000 ರೂಪಾಯಿ ಹೂಡಿದರೆ ಮೂರು ತಿಂಗಳು ದಿನಕ್ಕೆ 4,000 ರೂಪಾಯಿ. ದಿನಕ್ಕೆ ಶೇ 7. ಬೇರೆ ಆದಾಯವಿಲ್ಲದೆ ಈ ಮಾತು ಉಳಿಸಿಕೊಳ್ಳಬೇಕಾದರೆ ನೂರು ಸದಸ್ಯರಿಗೆ ದಿನಕ್ಕೆ ಏಳು ಹೊಸಬರು ಬೇಕು. ಆ ಏಳು ಮಂದಿಗೂ ನಾಳೆಯಿಂದ ಕೊಡಬೇಕು. ಸದಸ್ಯರ ಸಂಖ್ಯೆ ಹತ್ತು ದಿನಕ್ಕೊಮ್ಮೆ ದುಪ್ಪಟ್ಟಾಗದೆ ಗತ್ಯಂತರವಿಲ್ಲ. ತೊಂಬತ್ತನೇ ದಿನಕ್ಕೆ ನೂರು ಜನ ಸುಮಾರು 45,000 ಆಗಿರಬೇಕು. ತೀರ್ಥಹಳ್ಳಿ ಪಟ್ಟಣದವರೆಲ್ಲ ಸೇರಿದರೂ ಸಾಲದು. ವಾಸ್ತವದಲ್ಲಿ ಆ ಆ್ಯಪ್ ಒಮ್ಮೆ ಮಾತ್ರ ಹಣ ಕೊಟ್ಟು, ಮತ್ತೆ ಹೂಡಿ ಎಂದು ಕೇಳಿತು.

ಮಾತು ಮೃದುವಾಗಿದ್ದರೂ ಗಣಿತ ಬದಲಾಗದು. ‘ಗೇನ್‌ಬಿಟ್‌ಕಾಯಿನ್’ ಎಂಬ ಹೂಡಿಕೆ ಯೋಜನೆ ಹದಿನೆಂಟು ತಿಂಗಳು, ತಿಂಗಳಿಗೆ ಶೇ 10 ಎಂದಿತ್ತು. ಹೊಸಬರು ಕಡಿಮೆಯಾದಾಗ ಬಿಟ್‌ಕಾಯಿನ್ ಬದಲು ‘ಎಂಕ್ಯಾಪ್’ ಎಂಬ, ತೀರಾ ಕಡಿಮೆ ಬೆಲೆಯ ತನ್ನದೇ ನಾಣ್ಯ ಕೊಡತೊಡಗಿತು. ಆ ಪ್ರಕರಣದಲ್ಲಿ 2025ರ ಫೆಬ್ರುವರಿಯಲ್ಲಿ ಸಿಬಿಐ ಶೋಧಿಸಿದ ಊರುಗಳಲ್ಲಿ ಬೆಂಗಳೂರೂ ಇತ್ತು.

ನಕಲಿ ಆ್ಯಪ್‌ನಲ್ಲಿ ಏರುತ್ತ ಹೋಗುವ ಮೊತ್ತ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಏಕಕಾಲಕ್ಕೆ ಇರುವ ಲೆಕ್ಕದ ಪುಸ್ತಕದಲ್ಲಿ, ಇರುವುದೇ ಇಲ್ಲ. ವಂಚಕ ತನ್ನ ಸರ್ವರ್‌ನಲ್ಲಿ ಬರೆದ ಅಂಕಿ ಅದು. ಸಣ್ಣ ಮೊತ್ತ ಹಿಂತೆಗೆಯಲು ಬಿಡುತ್ತಾನೆ. ದೊಡ್ಡದು ಕೇಳಿದರೆ ‘ಮೊದಲು ಶೇ 30 ತೆರಿಗೆ ಕಟ್ಟಿ’ ಎನ್ನುತ್ತಾನೆ. ಗುರುತಿಸಲು ಇದಕ್ಕಿಂತ ಸ್ಪಷ್ಟ ಲಕ್ಷಣ ಬೇಕಿಲ್ಲ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ ಇರುವುದು ನಿಜ, ಆದರೆ ಅದನ್ನು ಕಟ್ಟುವುದು ಆದಾಯ ತೆರಿಗೆ ಇಲಾಖೆಗೆ, ಯಾರದೋ ಯುಪಿಐ ಖಾತೆಗಲ್ಲ. ನಮ್ಮಲ್ಲಿ ವ್ಯವಹರಿಸುವ ಕ್ರಿಪ್ಟೊ ವಿನಿಮಯ ಕೇಂದ್ರಗಳು ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿಯೂ ಪೂರ್ಣ ರಕ್ಷಣೆಯಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ವಿನಿಮಯ ಕೇಂದ್ರದಿಂದ ಹ್ಯಾಕರ್‌ಗಳು ಕದ್ದದ್ದು ಸುಮಾರು 2,000 ಕೋಟಿ ರೂಪಾಯಿ ಮೌಲ್ಯದ ನಾಣ್ಯ.

ಕಳೆದ ಹಣ ಸಿಗುವ ಅವಕಾಶ ಕಿರಿದಾಗುವುದು ಗಂಟೆಗಳ ಲೆಕ್ಕದಲ್ಲಿ. ರೂಪಾಯಿ ಇನ್ನೂ ಬ್ಯಾಂಕ್ ಖಾತೆಗಳ ನಡುವೆ ಇದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬಂದ ದೂರಿನ ಮೇಲೆ ಅದನ್ನು ತಡೆಹಿಡಿಯಬಹುದು. ಡಾಲರ್ ಬೆಲೆಗೆ ಕಟ್ಟಿದ ‘ಟೆದರ್’ನಂಥ ನಾಣ್ಯವಾಗಿ ವಂಚಕನ ವಾಲೆಟ್ ಸೇರಿತೋ, ವ್ಯವಹಾರ ರದ್ದುಮಾಡುವ ಬ್ಯಾಂಕೇ ಅಲ್ಲಿಲ್ಲ. ನಾಚಿಕೆಯಿಂದ ಒಂದು ವಾರ ಸುಮ್ಮನಿದ್ದವನ ದೂರು ಈ ಕಾರಣಕ್ಕೇ ಬಲ ಕಳೆದುಕೊಳ್ಳುತ್ತದೆ. ಸಿಟ್ಟಿನಲ್ಲಿ ಆ್ಯಪ್ ಅಳಿಸಬೇಡಿ. ಬ್ಯಾಂಕ್ ವ್ಯವಹಾರದ ಯುಟಿಆರ್ ಸಂಖ್ಯೆ, ವಾಲೆಟ್ ವಿಳಾಸ, ವಾಟ್ಸ್‌ಆ್ಯಪ್ ಮಾತುಕತೆ ಎಲ್ಲವೂ ಸಾಕ್ಷ್ಯ. ಆಮೇಲೆ ‘ಶುಲ್ಕ ಕೊಟ್ಟರೆ ನಿಮ್ಮ ಹಣ ವಾಪಸ್ ತರಿಸುತ್ತೇವೆ’ ಎನ್ನುವ ಕರೆ ಬರಬಹುದು. ಮೋಸಹೋದವರ ಪಟ್ಟಿ ಕೈಕೈ ಬದಲಾಗಿರುತ್ತದೆ. ಕರೆಯುವವರು ಅದೇ ತಂಡದವರೂ ಆಗಿರಬಹುದು.