ಅರವತ್ತಕ್ಕೆ ಅರಳು ಮರಳೆ?

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕೇಳದವರು ವಿರಳ. ಅರವತ್ತು ತುಂಬಿದವರಿಗೆ ಷಷ್ಟ್ಯಬ್ದಿ ಶಾಂತಿ, ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರ ಚಂದ್ರ ದರ್ಶನ ಶಾಂತಿ ಮಾಡಿಸುವ ಪದ್ಧತಿಯೂ ನಮ್ಮಲ್ಲಿದೆ. ವರ್ಷಕ್ಕೆ ಸರಾಸರಿ 12.37 ಹುಣ್ಣಿಮೆಗಳಂತೆ ಲೆಕ್ಕ ಹಾಕಿದರೆ ಸಾವಿರ ಹುಣ್ಣಿಮೆಗೆ ಸುಮಾರು 81 ವರ್ಷ ಬೇಕು. ಅರವತ್ತು ಮುಟ್ಟುವುದೇ ದೊಡ್ಡ ಸಂಗತಿಯಾಗಿದ್ದ ಕಾಲದಲ್ಲಿ ಬೇರೂರಿದ ಮಾತು ಮತ್ತು ಆಚರಣೆಗಳಿವು.

ಇಂದು ಭಾರತದಲ್ಲಿ ಅರವತ್ತು ತಲುಪಿದವರು ಸರಾಸರಿ ಇನ್ನೂ 18 ವರ್ಷ ಬದುಕುತ್ತಾರೆ. ನಮ್ಮ ಮನೆ, ಉಳಿತಾಯ, ಆಸ್ಪತ್ರೆಗಳು ಈ 18 ವರ್ಷಗಳಿಗೆ ಸಿದ್ಧವಾಗಿವೆಯೆ? ಈ ಪ್ರಶ್ನೆ ಹಿರಿಯರಿಗಿಂತ ಹೆಚ್ಚಾಗಿ ಇಂದು ಶಾಲೆಯಲ್ಲಿ ಕುಳಿತಿರುವ ಮಕ್ಕಳಿಗೆ ಸಂಬಂಧಿಸಿದ್ದು. ಹೇಗೆಂದು ನೋಡೋಣ.

ಸರಾಸರಿಯ ಒಳಗುಟ್ಟು

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಈಗ ಅದು 70ರ ಆಸುಪಾಸಿನಲ್ಲಿದೆ. ಹಾಗಾದರೆ ಅಂದಿನವರೆಲ್ಲ ಮೂವತ್ತೆರಡಕ್ಕೇ ತೀರಿಕೊಳ್ಳುತ್ತಿದ್ದರೆ? ಇಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1962ರಲ್ಲಿ ನಿಧನರಾದಾಗ ಅವರಿಗೆ ನೂರು ದಾಟಿತ್ತು. ಊರೂರಿನಲ್ಲಿ ಮುದುಕರು ಆಗಲೂ ಇದ್ದರು.

ಗುಟ್ಟು ಇರುವುದು ಸರಾಸರಿಯ ಲೆಕ್ಕದಲ್ಲಿ. ಒಂದು ಹಳ್ಳಿಯಲ್ಲಿ ಹತ್ತು ಮಕ್ಕಳು ಹುಟ್ಟಿದರೆಂದು ಭಾವಿಸಿ. ನಾಲ್ಕು ಮಕ್ಕಳು ಒಂದನೇ ವರ್ಷದಲ್ಲೇ ತೀರಿಕೊಂಡು, ಉಳಿದ ಆರು ಮಂದಿ 55 ವರ್ಷ ಬದುಕಿದರೆ, ಎಲ್ಲರ ಆಯುಸ್ಸಿನ ಮೊತ್ತ 334, ಸರಾಸರಿ 33.4. ತೀರಿಕೊಂಡ ಮಗು ಒಂದೇ ಆದರೆ ಮೊತ್ತ 496; ಸರಾಸರಿ 49.6. ದೊಡ್ಡವರು ಯಾರೂ ಒಂದು ದಿನವೂ ಹೆಚ್ಚು ಬದುಕದಿದ್ದರೂ ಸರಾಸರಿ 16 ವರ್ಷ ಮೇಲೇರಿತು! ನಮ್ಮ ದೇಶದಲ್ಲಿ ಮೊದಲು ಆದದ್ದು ಬಹುಮಟ್ಟಿಗೆ ಇದೇ. 1950ರ ಸುಮಾರಿಗೆ ಸಾವಿರ ಶಿಶುಗಳಲ್ಲಿ ಸುಮಾರು 146 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28.

ಇದರ ಹಿಂದೆ ದೊಡ್ಡ ಯಂತ್ರಗಳಿಗಿಂತ ಲಸಿಕೆ, ಶುದ್ಧ ನೀರು, ತಾಯಂದಿರ ಓದು ಮುಂತಾದ ಸರಳ ಸಂಗತಿಗಳ ಪಾತ್ರವೇ ದೊಡ್ಡದು. ಭಾರತದ ಸಿಡುಬಿನ ಕೊನೆಯ ಪ್ರಕರಣ 1975ರದು, ಪೋಲಿಯೋದ ಕೊನೆಯ ಪ್ರಕರಣ 2011ರದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬೀಸ್ ಅವರು ಗ್ಲೂಕೋಸ್, ಉಪ್ಪು, ಅಡಿಗೆ ಸೋಡ ಬೆರೆಸಿದ ನೀರನ್ನು ಕುಡಿಸಿದರು. ಕರುಳಿನಲ್ಲಿ ಗ್ಲೂಕೋಸ್ ಹೀರಲ್ಪಡುವಾಗ ಜತೆಗೆ ಸೋಡಿಯಂ ಒಳಸೇರುತ್ತದೆ. ಅದರ ಬೆನ್ನಿಗೇ ನೀರೂ ಒಳಹೋಗುತ್ತದೆ. ಶೇಕಡ 30ರ ಹತ್ತಿರವಿದ್ದ ಸಾವಿನ ಪ್ರಮಾಣ ಶೇಕಡ ನಾಲ್ಕಕ್ಕಿಂತ ಕೆಳಗಿಳಿಯಿತು.

ಗಳಿಸಿದ ಆಯುಸ್ಸು ಮತ್ತೆ ಕೈತಪ್ಪುವುದೂ ಉಂಟು. 1953ರಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರನ್ನು ಕಾಡುತ್ತಿದ್ದ ಮಲೇರಿಯಾ 1965ರ ಹೊತ್ತಿಗೆ ಒಂದು ಲಕ್ಷಕ್ಕೆ ಇಳಿದಿತ್ತು. ಆಮೇಲೆ ಎಚ್ಚರ ತಪ್ಪಿದ್ದರಿಂದ 1976ರಲ್ಲಿ ಅದು 64 ಲಕ್ಷ ದಾಟಿತು. 2020 ಮತ್ತು 2021ರಲ್ಲಿ ಕೊರೊನಾ ಸರಾಸರಿ ಆಯುಸ್ಸನ್ನೇ ಕೆಳಗೆಳೆಯಿತು.

ರೋಗಗಳ ಸ್ವರೂಪವೇ ಬೇರೆ

ಸೋಂಕುಗಳಿಂದ ಪಾರಾದವರು ಮುಂದೆ ಎದುರಿಸುವ ಕಾಯಿಲೆಗಳು ಬೇರೆ ಬಗೆಯವು. ಹೃದ್ರೋಗ, ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಕ್ಯಾನ್ಸರ್ ಮೊದಲಾದ ಸಾಂಕ್ರಾಮಿಕವಲ್ಲದ ರೋಗಗಳಿಂದ 1990ರಲ್ಲಿ ನಮ್ಮ ದೇಶದ ನೂರು ಸಾವುಗಳಲ್ಲಿ 38 ಸಂಭವಿಸುತ್ತಿದ್ದವು. 2016ರಲ್ಲಿ ಅದು 62ಕ್ಕೆ ಏರಿತು. ಭಾರತದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು 2023ರಲ್ಲಿ ತಿಳಿಸಿತು. ಹಳೆಯ ರೋಗಗಳು ವಾರದಲ್ಲೇ ಕೊಲ್ಲುತ್ತಿದ್ದವು ಅಥವಾ ಬಿಟ್ಟುಹೋಗುತ್ತಿದ್ದವು. ಇವು ಇಪ್ಪತ್ತು ಮೂವತ್ತು ವರ್ಷ ಜತೆಯಲ್ಲೇ ಇರುತ್ತವೆ. ಪ್ರತಿ ತಿಂಗಳೂ ಮಾತ್ರೆ, ತಪಾಸಣೆ ಬೇಡುತ್ತವೆ.

ಇನ್ನು ಗಾದೆಯ ವಿಚಾರ. ಮರೆಗುಳಿತನದ ರೋಗ, ಅಂದರೆ ಡಿಮೆನ್ಷಿಯಾ, ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡ 7.4 ಮಂದಿಗಿದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಸಂಖ್ಯೆಯಲ್ಲಿ ಇದು ಸುಮಾರು 88 ಲಕ್ಷ; ಅವರ ಮನೆಯವರ ಪಾಡು ಸಣ್ಣದಲ್ಲ. ಆದರೆ ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಈ ರೋಗವಿಲ್ಲ ಎಂಬುದನ್ನೂ ಗಮನಿಸಬೇಕು. ‘ವಯಸ್ಸಾಯಿತು, ಅರಳು ಮರಳು’ ಎಂದು ಸುಮ್ಮನಾದರೆ ಇಬ್ಬರಿಗೂ ಅನ್ಯಾಯ. ರೋಗಿಗೆ ಚಿಕಿತ್ಸೆ ತಪ್ಪುತ್ತದೆ, ಬುದ್ಧಿ ಚುರುಕಾಗಿರುವ ಹಿರಿಯರ ಮಾತಿಗೆ ಬೆಲೆ ತಪ್ಪುತ್ತದೆ.

ಮನೆಯ ಲೆಕ್ಕ

1961ರಲ್ಲಿ ಅರವತ್ತು ದಾಟಿದವರು ದೇಶದ ಜನಸಂಖ್ಯೆಯ ಶೇಕಡ 5.6ರಷ್ಟಿದ್ದರು. 2011ರ ಜನಗಣತಿಯಲ್ಲಿ ಶೇಕಡ 8.6, ಅಂದರೆ 10 ಕೋಟಿಗೂ ಹೆಚ್ಚು. 2050ರ ಹೊತ್ತಿಗೆ ಐವರಲ್ಲಿ ಒಬ್ಬರು ಅರವತ್ತು ದಾಟಿರುತ್ತಾರೆಂಬ ಅಂದಾಜಿದೆ. ಫ್ರಾನ್ಸ್ ದೇಶದಲ್ಲಿ 65 ದಾಟಿದವರ ಪಾಲು ಶೇಕಡ 7ರಿಂದ 14 ಆಗಲು 115 ವರ್ಷ ಹಿಡಿಯಿತು. ಜಪಾನಿಗೆ ಹಿಡಿದದ್ದು 24 ವರ್ಷ ಮಾತ್ರ. ಜಪಾನ್ ಆ ಹೊತ್ತಿಗೆ ಶ್ರೀಮಂತ ದೇಶವಾಗಿತ್ತು. ನಾವು ಸಿರಿವಂತರಾಗುವ ಮೊದಲೇ ಮುಪ್ಪು ಬರುತ್ತಿದೆ.

ಇತ್ತ ಮಕ್ಕಳ ಸಂಖ್ಯೆ ಇಳಿದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಇಂದು ಹತ್ತನೇ ತರಗತಿಯಲ್ಲಿರುವ, ಒಡಹುಟ್ಟಿದವರಿಲ್ಲದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳು 45 ಮುಟ್ಟುವಾಗ ತಂದೆ ತಾಯಿ, ಅತ್ತೆ ಮಾವ, ನಾಲ್ವರೂ ಎಪ್ಪತ್ತರ ಆಚೀಚೆ ಇರುತ್ತಾರೆ. ಗಂಡನೂ ಒಬ್ಬನೇ ಮಗನಾದರೆ ನಾಲ್ವರ ಆರೈಕೆಗೆ ಇಬ್ಬರೇ. ನಮ್ಮಲ್ಲಿ ಈ ಆರೈಕೆ ಸಾಮಾನ್ಯವಾಗಿ ಬೀಳುವುದು ಸೊಸೆ ಅಥವಾ ಮಗಳ ಹೆಗಲಿಗೆ. ಅವಳು ಕೆಲಸ ಬಿಟ್ಟರೆ ಸಂಸಾರದ ಆದಾಯ ಕುಸಿಯುತ್ತದೆ; ಬಿಡದಿದ್ದರೆ ಅವಳಿಗೆ ದುಡಿತ ಎರಡು ಪಾಲು. ಗಂಡುಮಕ್ಕಳಿಗೂ ಈಗಿನಿಂದಲೇ ಅಡಿಗೆ, ಶುಶ್ರೂಷೆ ಕಲಿಸುವುದು ಪೋಷಕರು ಮಾಡಬಹುದಾದ ಅತ್ಯಂತ ಅಗ್ಗದ ಸಿದ್ಧತೆ.

ಮಹಿಳೆಯರ ಸರಾಸರಿ ಆಯುಸ್ಸು ಗಂಡಸರಿಗಿಂತ ಹೆಚ್ಚು. ಗಂಡ ವಯಸ್ಸಿನಲ್ಲಿ ಹಿರಿಯ. ಹೀಗಾಗಿ ಕೊನೆಯ ವರ್ಷಗಳನ್ನು ಒಂಟಿಯಾಗಿ, ಸ್ವಂತ ಆದಾಯವಿಲ್ಲದೆ ಕಳೆಯುವವರಲ್ಲಿ ಅಜ್ಜಿಯರೇ ಹೆಚ್ಚು.

ಹಣದ ಲೆಕ್ಕ

ಗಣಿತದಲ್ಲಿ ‘72ರ ಸೂತ್ರ’ ಎಂಬುದೊಂದಿದೆ. 72ನ್ನು ಏರಿಕೆಯ ದರದಿಂದ ಭಾಗಿಸಿದರೆ ಮೊತ್ತ ಇಮ್ಮಡಿಯಾಗಲು ಬೇಕಾದ ವರ್ಷಗಳು ಸರಿಸುಮಾರಾಗಿ ಸಿಗುತ್ತವೆ. ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರಿದರೆ 12 ವರ್ಷಕ್ಕೆ ಇಮ್ಮಡಿ. ಅರವತ್ತರಲ್ಲಿ ತಿಂಗಳಿಗೆ 20 ಸಾವಿರ ರೂಪಾಯಿಯಲ್ಲಿ ನಡೆಯುವ ಸಂಸಾರಕ್ಕೆ 72ರಲ್ಲಿ 40 ಸಾವಿರ, 84ರಲ್ಲಿ 80 ಸಾವಿರ ಬೇಕು. ಬ್ಯಾಂಕಿನ ಬಡ್ಡಿಯೊಂದನ್ನೇ ನಂಬಿದವರು ಬದುಕಿನ ಕೊನೆಯಲ್ಲಿ ಏಕೆ ಬಡವರಾಗುತ್ತಾರೆಂದು ಇದರಿಂದ ತಿಳಿಯುತ್ತದೆ.

ಏರುತ್ತಿದ್ದ ಪಿಂಚಣಿ ವೆಚ್ಚ ಸರ್ಕಾರಗಳನ್ನೂ ಚಿಂತೆಗೀಡುಮಾಡಿತು. 2004ರ ಜನವರಿಯಿಂದ ಕೇಂದ್ರವೂ 2006ರ ಏಪ್ರಿಲ್‌ನಿಂದ ಕರ್ನಾಟಕವೂ ಹೊಸದಾಗಿ ನೌಕರಿಗೆ ಸೇರುವವರಿಗೆ ವಂತಿಗೆ ಆಧರಿಸಿದ ಪಿಂಚಣಿಯನ್ನು ತಂದವು. ಆದರೆ ಹೊಲ, ಅಂಗಡಿ, ಕಟ್ಟಡಗಳಲ್ಲಿ ದುಡಿಯುವ ಬಹುಪಾಲು ಜನರಿಗೆ ನಿವೃತ್ತಿ ವಯಸ್ಸೂ ಇಲ್ಲ, ನಿವೃತ್ತಿ ವೇತನವೂ ಇಲ್ಲ. 1995ರ ರಾಷ್ಟ್ರೀಯ ವೃದ್ಧಾಪ್ಯ ವೇತನ, 2007ರ ಸಂಧ್ಯಾ ಸುರಕ್ಷಾ ಇಂಥವರಿಗಾಗಿ ಬಂದ ಯೋಜನೆಗಳು. ತಂದೆ ತಾಯಿಯ ಪೋಷಣೆಯನ್ನು ಮಕ್ಕಳ ಕಾನೂನುಬದ್ಧ ಹೊಣೆಯಾಗಿಸಿದ ಕಾಯಿದೆ ಬಂದದ್ದೂ 2007ರಲ್ಲೇ. 70 ದಾಟಿದವರಿಗೆ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು 2024ರಲ್ಲಿ ಘೋಷಿಸಲಾಯಿತು. ಇವು ನೆರವಾಗುತ್ತವೆ ನಿಜ. ಆದರೆ ಹಾಸಿಗೆ ಹಿಡಿದವರನ್ನು ದಿನವೂ ನೋಡಿಕೊಳ್ಳುವ ಕೈಗಳನ್ನು ಯಾವ ಯೋಜನೆಯೂ ತಾನಾಗಿ ಒದಗಿಸಲಾರದು.

ಹಾಗೆಂದು ಹಿರಿಯರು ಹೊರೆ ಎಂದು ಭಾವಿಸಬೇಕಿಲ್ಲ. ಅಜ್ಜಿ ಮೊಮ್ಮಗುವನ್ನು ನೋಡಿಕೊಳ್ಳುವುದರಿಂದಲೇ ಎಷ್ಟೋ ತಾಯಂದಿರು ದುಡಿಯಲು ಹೋಗುತ್ತಾರೆ. ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಆ ಅಜ್ಜಿಯ ದುಡಿಮೆ ಕಾಣುವುದೇ ಇಲ್ಲ. ಶುಶ್ರೂಷೆ, ಫಿಸಿಯೋಥೆರಪಿ, ಶ್ರವಣದೋಷ ಚಿಕಿತ್ಸೆ, ವೃದ್ಧರ ವೈದ್ಯಶಾಸ್ತ್ರ ಇವುಗಳಿಗೆ ಬೇಡಿಕೆ ಏರಲಿದೆ. ಎಂಜಿನಿಯರಿಂಗ್ ಒಂದನ್ನೇ ಕನಸು ಕಾಣುವ ಪೋಷಕರು ಈ ಕಡೆಗೂ ಗಮನ ಹರಿಸಬೇಕು.

ಮುಪ್ಪಿನ ಸಿದ್ಧತೆ ಶಾಲೆಯಲ್ಲೇ

ವಿದ್ಯಾರ್ಥಿಗಳೇ, ಎಪ್ಪತ್ತರ ನಿಮ್ಮ ಬೆನ್ನುಮೂಳೆ ಹೇಗಿರಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಇಂದಿನ ನಿಮ್ಮ ಆಟದ ಮೈದಾನ. ಮೂಳೆಯ ಸಾಂದ್ರತೆ ಮೂವತ್ತರ ಸುಮಾರಿಗೆ ಗರಿಷ್ಠ ಮಟ್ಟ ಮುಟ್ಟುತ್ತದೆ. ಆಮೇಲೆ ಆ ಗಂಟನ್ನು ಕರಗಿಸುತ್ತ ಬಾಳಬೇಕು. ರಾಗಿ, ಹಾಲು, ಸೊಪ್ಪು, ಬಿಸಿಲು, ಓಟ ಇವೇ ಅದರ ಬಂಡವಾಳ. ಬಾಲ್ಯದ ಶಿಕ್ಷಣ, ಹತೋಟಿಯಲ್ಲಿರುವ ರಕ್ತದೊತ್ತಡ, ಕಾಪಾಡಿಕೊಂಡ ಕಿವಿ, ತಂಬಾಕಿಲ್ಲದ ಬದುಕು ಡಿಮೆನ್ಷಿಯಾದ ಅಪಾಯವನ್ನು ತಗ್ಗಿಸುತ್ತವೆ ಎಂದೂ ಸಂಶೋಧನೆಗಳು ತಿಳಿಸಿವೆ.

ಈ ಭಾನುವಾರ ಅಜ್ಜ ಅಜ್ಜಿಯರ ಬಳಿ ಕುಳಿತು ನಾಲ್ಕು ಪ್ರಶ್ನೆ ಕೇಳಿ: ಕಣ್ಣು ತೋರಿಸಿದ್ದು ಯಾವಾಗ? ರಕ್ತದೊತ್ತಡ ಎಷ್ಟಿದೆ? ಬಚ್ಚಲಿನಲ್ಲಿ ಕಾಲು ಜಾರುತ್ತದೆಯೆ? ಪಿಂಚಣಿ ಸರಿಯಾಗಿ ಬರುತ್ತಿದೆಯೆ? ಉತ್ತರಗಳನ್ನು ಬರೆದಿಟ್ಟು ಅಪ್ಪ ಅಮ್ಮನ ಮುಂದಿಡಿ. ಮುಂದೊಂದು ದಿನ ನಿಮ್ಮ ಮೊಮ್ಮಕ್ಕಳು ನಿಮ್ಮನ್ನೂ ಇವೇ ಪ್ರಶ್ನೆಗಳನ್ನು ಕೇಳುವಂತಾಗಲಿ.