ಬಿತ್ತಬಾರದು, ಬಿತ್ತಾಕ ಬರಂಗಿಲ್ಲ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಎರಿ ಹೊಲಗಳಲ್ಲಿ ಹಿಂಗಾರಿ ಬಿತ್ತಿಗೆಯ ಹೊತ್ತಿಗೆ ಕೇಳಿಬರುವ ‘ಬಿತ್ತಬಾರದು’, ‘ಬಿತ್ತಾಕ ಬರಂಗಿಲ್ಲ’ ಎಂಬ ಎರಡು ಮಾತುಗಳಲ್ಲಿ ‘ಬಿತ್ತು’, ‘ಬರು’ ಎಂಬ ಅವೇ ಧಾತುಗಳಿದ್ದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಆಡಲಾಗದು. ಅಮಾವಾಸ್ಯೆಯ ದಿನ ಬಿತ್ತಬಾರದು ಎಂದರೆ ಅದು ಕಟ್ಟಳೆಯ ಮಾತು; ಮಳೆ ನಿಂತರೂ ನೆಲ ಹದಕ್ಕೆ ಬಾರದೆ ಕೂರಿಗೆಗೆ ಮಣ್ಣು ಮೆತ್ತುತ್ತಿರುವಾಗ ಬಿತ್ತಾಕ ಬರಂಗಿಲ್ಲ ಎಂದರೆ, ಮನಸ್ಸಿದ್ದರೂ ಕೆಲಸ ಸಾಗದು ಎಂದರ್ಥ.

ಲಿಂಗ, ವಚನಗಳಿಗೆ ತಕ್ಕಂತೆ ಬದಲಾಗದೆ ಇನ್ನೊಂದು ಕ್ರಿಯಾಪದವನ್ನು ಆತುಕೊಂಡು ನಿಲ್ಲುವ ‘ಬಿತ್ತ’, ‘ಬಿತ್ತಾಕ’ಗಳಂಥ ರೂಪಗಳನ್ನು ಕನ್ನಡ ವ್ಯಾಕರಣ ಕೃದಂತಾವ್ಯಯಗಳೆಂದು ಕರೆಯುತ್ತದೆ. ಇಂಗ್ಲಿಷಿನ ‘ಇನ್ಫಿನಿಟಿವ್’ಗೆ ಹತ್ತಿರವಾದವು ಇವೇ. ‘ಬಿತ್ತ’ ಎಂಬ ಗಿಡ್ಡ ರೂಪ ಬೇಕು, ಬಹುದು, ಬಾರದುಗಳೊಂದಿಗೆ ಬೆಸೆದುಕೊಂಡು ಒಂದೇ ಪದವಾಗಿಬಿಟ್ಟಿರುವುದರಿಂದ ‘ಬಾರದು’ವಿನಲ್ಲಿ ‘ಬರು’ವಿನ ಮೂಲ ಅರ್ಥ ಮಾಸಿ ನಿಷೇಧವಷ್ಟೇ ಉಳಿದಿದೆ. ‘ಬಿತ್ತಾಕ’ದ ಕೊನೆಯ ‘ಕ’ ಮಾತ್ರ ‘ಹೊಲಕ ಹೋದ’ ಎನ್ನುವಲ್ಲಿನ ಚತುರ್ಥಿಯೇ ಆದ್ದರಿಂದ, ಗುರಿಯತ್ತ ಮುಖ ಮಾಡಿದ ಭಾವ ಅದರಲ್ಲಿ ಇಂದಿಗೂ ಜೀವಂತವಾಗಿದೆ.

ಆ ಗುರಿಯನ್ನು ಮುಟ್ಟಿದ್ದಾಯಿತೋ ಇಲ್ಲವೋ ಎಂಬುದನ್ನು ಹೇಳುವುದು ಮುಂದಿನ ಕ್ರಿಯಾಪದ. ‘ಬಿತ್ತಾಕ ಹೊಂಟಾನ’ ಎಂದರೆ ಬೀಜ ಇನ್ನೂ ಉಡಿಯಲ್ಲೇ ಇದೆ. ‘ಬಿತ್ತಾಕ ಹತ್ಯಾನ’ ಎಂದರೆ ಬೀಜ ನೆಲಕ್ಕೆ ಬೀಳುತ್ತಿದೆ. ಬೆಂಕಿ ಹತ್ತುವಂತೆ ಕೆಲಸಕ್ಕೆ ಮನುಷ್ಯ ಹತ್ತಿಕೊಳ್ಳುವ ಈ ಕಲ್ಪನೆಗೆ ಮರಾಠಿಯ ‘ಪೇರಾಯಲಾ ಲಾಗಲಾ’ ಎಂಬ ಮಾತು ಸಮೀಪದ ನೆಂಟ. ಆದರೆ ಅದು ಬಿತ್ತತೊಡಗಿದ ಎಂಬ ಆರಂಭವನ್ನು ಸೂಚಿಸಿದರೆ, ಇಲ್ಲಿಯ ಕನ್ನಡ ‘ಹತ್ತು’ವನ್ನು ನಡೆಯುತ್ತಿರುವ ಕೆಲಸದವರೆಗೂ ಎಳೆದೊಯ್ದು, ಗ್ರಾಂಥಿಕ ಕನ್ನಡ ‘ಉತ್ತ’ದ ಮೇಲೆ ‘ಇರು’ ಸೇರಿಸಿ ಕಟ್ಟುವ ವರ್ತಮಾನವನ್ನು ಬೇರೆಯೇ ದಾರಿಯಲ್ಲಿ ಕಟ್ಟಿಕೊಂಡಿದೆ. ಆದ್ದರಿಂದ ‘ಬಿತ್ತಾಕ ಹತ್ಯಾನ’ ಕೂಡಿಕೊಂಡು ಆದ ‘ಬಿತ್ತಾಕತ್ತಾನ’ ಎಂಬುದನ್ನು ‘ಬಿತ್ತುತ್ತಿದ್ದಾನೆ’ಯ ಕೆಟ್ಟ ಉಚ್ಚಾರವೆಂದು ಮಕ್ಕಳ ಬಾಯಲ್ಲಿ ತಿದ್ದುವುದು ಅನ್ಯಾಯ, ಅದರ ರಚನೆಯೇ ಬೇರೆ, ಅಷ್ಟೇ ಕ್ರಮಬದ್ಧವಾದುದು. ಧಾರವಾಡದ ಪೇಟೆಯ ಮಾತಿನ ‘ಬಿತ್ತಲಿಕ್ಕತ್ತಾನ’ವೂ ಇದೇ ಅಚ್ಚಿನದು.

ಇಂಗ್ಲಿಷ್ ಕಲಿಯುವವರನ್ನು ಕಾಡುವ ‘ಸ್ಟಾಪ್ಡ್ ಟು ಟಾಕ್’, ‘ಸ್ಟಾಪ್ಡ್ ಟಾಕಿಂಗ್’ಗಳ ಭೇದವೂ ಈ ಸೀಮೆಯ ಮಾತಿಗೆ ಹೊಸದಲ್ಲ. ದಾರಿಯಲ್ಲಿ ಗೆಳೆಯ ಸಿಕ್ಕಾಗ ಒಬ್ಬ ‘ಮಾತಾಡಾಕ ನಿಂತ’, ಹಿರಿಯರು ಒಳಗೆ ಬಂದಾಗ ಇನ್ನೊಬ್ಬ ‘ಮಾತಾಡೂದು ನಿಲ್ಲಿಸಿದ’: ಮೊದಲನೆಯದರಲ್ಲಿ ಮಾತು ಇನ್ನು ಶುರುವಾಗಬೇಕು, ಎರಡನೆಯದರಲ್ಲಿ ನಡೆದಿದ್ದ ಮಾತು ಮುಗಿದಿದೆ.