ಅಜ್ಜಿಮನೆಯ ತಲೆಬಾಗಿಲು ಎಲ್ಲಿ ಹೋಯ್ತು?

ನಮ್ಮೂರು ತುಳಸಿಗೇರಿ, ಅಜ್ಜಿಮನೆ ಹಳೇ ಬಾಗಲಕೋಟೆ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ಎಲ್ಲರೂ ನವನಗರಕ್ಕೆ ಹೊರಟಾಗ ನಾನು ಸಣ್ಣವ. ಗಟ್ಟಿಯಾಗಿ ನೆನಪಿರೋದು ಒಂದೇ: ಸಾಗವಾನಿ ತಲೆಬಾಗಿಲು ಟೆಂಪೋ ಏರಿದ್ದು. ಮೇಲಿನ ಅಡ್ಡಪಟ್ಟಿಯಲ್ಲಿ ಗಜಲಕ್ಷ್ಮಿ, ಎರಡೂ ಬದಿಗೆ ಗಿಳಿ, ಕೆಳಗಿನವರೆಗೂ ಬಳ್ಳಿ. ಮಾವ ಅದನ್ನು ಹಳೇ ಸಾಮಾನಿನ ವ್ಯಾಪಾರಿಗೆ ಮಾರಿದ್ದ. "ಆರ್‌ಸಿಸಿ ಮನಿಗೆ ಇದು ಹೊಂದಂಗಿಲ್ಲೋ ತಮ್ಮಾ" ಅಂದ. ಅಜ್ಜಿ ಮಾತಾಡಲಿಲ್ಲ.

ಹೋದ ವರ್ಷ ಬೆಂಗಳೂರಿನ ಒಂದು ಕೆಫೆಯಲ್ಲಿ ಅಂಥದ್ದೇ ಚೌಕಟ್ಟು ಕಂಡೆ. ಒಳಗೆ ಕನ್ನಡಿ ಕೂರಿಸಿದ್ದರು, ಜನ ಸೆಲ್ಫಿ ತೆಗೀತಿದ್ದರು. ನಮ್ಮದಲ್ಲ, ಗಿಳಿ ಇರಲಿಲ್ಲ. ಆದರೂ ಕಾಫಿ ಸೇರಲಿಲ್ಲ.

ಆ ರಾತ್ರಿ ಮರಗೆತ್ತನೆ ಬಗ್ಗೆ ಹುಡುಕುತ್ತಾ ಕೆನಡಾದ ಪೆಸಿಫಿಕ್ ಕರಾವಳಿಗೆ ಹೋಗಿ ಮುಟ್ಟಿದೆ. ಅಲ್ಲಿನ ಮೂಲನಿವಾಸಿಗಳು ಕೆಂಪು ಸೀಡರ್ ಮರದಲ್ಲಿ ಕೆತ್ತುವ ಎತ್ತರದ ಕಂಬಗಳನ್ನು ನೀವೂ ನೋಡಿರ್ತೀರಿ. ಅವು ಪೂಜೆಯ ಮೂರ್ತಿಗಳಲ್ಲ. ಮನೆತನದ ಚರಿತ್ರೆ, ಹಕ್ಕು, ಸತ್ತವರ ನೆನಪು. ನಿಸ್ಗಾ ಜನರ ಒಂದು ಮನೆತನ ತನ್ನ ಯೋಧನ ನೆನಪಿಗೆ ನಿಲ್ಲಿಸಿದ್ದ 11 ಮೀಟರ್ ಕಂಬವನ್ನು 1929ರಲ್ಲಿ ಮರಿಯಸ್ ಬಾರ್ಬೋ ಎಂಬ ಸಂಶೋಧಕ ಸಾಗಿಸಿ, ಸ್ಕಾಟ್ಲೆಂಡಿನ ಮ್ಯೂಸಿಯಂಗೆ ಮಾರಿದ. ಊರವರು ಬೇಟೆ, ಮೀನುಗಾರಿಕೆಗೆ ಹೋಗಿದ್ದಾಗ ಒಯ್ದರು ಎಂದು ನಿಸ್ಗಾ ಜನ ಹೇಳುತ್ತಾರೆ. ಅವರು ಪಟ್ಟು ಬಿಡದೆ ಕೇಳಿದರು. 2023ರಲ್ಲಿ ಕಂಬ ವಿಮಾನದಲ್ಲಿ ವಾಪಸ್ ಬಂತು.

ನಮ್ಮದನ್ನು ಯಾರೂ ಕದ್ದಿಲ್ಲ, ನಾವೇ ಕೊಟ್ಟೆವು. ವಾಪಸ್ ಕೇಳೋಕೆ ಬಾಯಿ ಎಲ್ಲಿದೆ?

ಈಗ ಅಣೆಕಟ್ಟೆಯಲ್ಲಿ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256ಕ್ಕೆ ಏರಿಸುವ ಯೋಜನೆಯಿದೆ. ಮತ್ತಷ್ಟು ಮನೆಗಳು ಖಾಲಿಯಾಗುತ್ತವೆ. ನಿಮ್ಮ ಮನೆಯೂ ಅದರಲ್ಲಿದ್ದರೆ ಒಮ್ಮೆ ಬಡಿಗ್ಯಾರನ್ನು ಕರೆದು ಬಾಗಿಲು ತೋರಿಸಿ. ಹಳೇ ಚೌಕಟ್ಟುಗಳಲ್ಲಿ ಎಷ್ಟೋ ಕಡೆ ಕಬ್ಬಿಣದ ಮೊಳೆಯೇ ಇರೋದಿಲ್ಲ. ಒಂದು ಮರದ ತುದಿ ಇನ್ನೊಂದರ ತೂತಿನಲ್ಲಿ ಕೂತಿರುತ್ತೆ, ಮರದ ಗೂಟ ಹಿಡಿದಿರುತ್ತೆ. ಗೂಟ ತಟ್ಟಿ ತೆಗೆದರೆ ಬಿಡಿಬಿಡಿಯಾಗುತ್ತೆ, ಮತ್ತೆ ಜೋಡಿಸಬಹುದು. ಬಿಚ್ಚುವ ಮೊದಲು ಫೋಟೋ ತೆಗೆದು, ತುಂಡುಗಳಿಗೆ ಸೀಮೆಸುಣ್ಣದಲ್ಲಿ ನಂಬರ್ ಹಾಕಿ. ಕೆತ್ತಿದವರು ಯಾರು ಅಂತ ಹಿರಿಯರನ್ನು ಕೇಳಿ ಬರೆದಿಡಿ. ನಮ್ಮನೆಯಲ್ಲಿ ಅದೂ ಯಾರಿಗೂ ಗೊತ್ತಿಲ್ಲ.

ಕಳೆದ ವಾರ ಮಾವನಿಗೆ ಫೋನ್ ಮಾಡಿ, ಆ ವ್ಯಾಪಾರಿ ಯಾವ ಊರಾಂವ ಅಂತ ಕೇಳಿದೆ. "ಈಗ್ಯಾಕೋ ಅದೆಲ್ಲಾ?" ಅಂದ. ಅರ್ಧ ಗಂಟೆ ಬಿಟ್ಟು ವಾಟ್ಸಾಪ್‌ನಲ್ಲಿ ಅವ್ವನ ಮದುವೆಯ ಒಂದು ಫೋಟೋ ಬಂತು. ಬೀಗರ ಸಾಲಿನ ಹಿಂದೆ ಬಲಗಡೆಯ ಗಿಳಿ ಮಾತ್ರ ಕಾಣುತ್ತಿತ್ತು.